ಜೋರಾಗಿ ಹೇಳಿದ ಪ್ರಾರ್ಥನೆ

ಪ್ರತಿ ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ಕಾರವಾರದ ನಮ್ಮ ಚರ್ಚಿನಲ್ಲಿ ಹೊಸ ಕ್ಯಾಲೆಂಡರು ಕೊಡುತ್ತಾರೆ. ತಿಂಗಳಿಗೊಂದು ಹಾಳೆ, ಹಾಳೆಗೊಂದು ಚಿತ್ರ, ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಯೇಸುವಿನ ಒಂದು ಮಾತು. ಅದನ್ನು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಂಕೋಲೆಗೆ ಬರುವಷ್ಟರಲ್ಲಿ ನನ್ನ ಅಂಗೈ ಬೆವರಿ ಕಾಗದದ ತುದಿ ಮೆತ್ತಗಾಗಿರುತ್ತದೆ. ಒಂದು ಕ್ಯಾಲೆಂಡರು ತರುವುದಕ್ಕೂ ಯಾರಾದರೂ ಬೆವರುತ್ತಾರೆಯೇ ಎಂದು ನೀವು ನಗಬಹುದು. ನಗಿ. ನಮ್ಮ ಮನೆಯವರೂ ನಗುತ್ತಾರೆ.

ನನ್ನ ಚಿಂತೆ ತರುವುದರದ್ದಲ್ಲ, ತೂಗು ಹಾಕುವುದರದ್ದು. ಅಂಕೋಲೆ ಪೇಟೆಯಲ್ಲಿ ನನ್ನದೊಂದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇದೆ. ಹಳೇ ಕಟ್ಟಡ, ಎರಡು ಪಡಿಯ ಮರದ ಬಾಗಿಲು, ಒಳಗೆ ಹೊಲಿಗೆ ಮಶೀನು, ಒಂದು ಉದ್ದ ಕನ್ನಡಿ, ಕಾಯುವವರಿಗೆ ಪ್ಲಾಸ್ಟಿಕ್ ಕುರ್ಚಿ. ಎದುರಿನ ಗೋಡೆಗೆ ಕ್ಯಾಲೆಂಡರು ಹಾಕಿದರೆ ಬಂದವರೆಲ್ಲ ಓದುತ್ತಾರೆ, ಓದಿದವರು ಏನಂದುಕೊಳ್ಳುತ್ತಾರೋ. ಪರದೆಯ ಒಳಗೆ ಹಾಕಿದರೆ ಯೇಸು ಏನಂದುಕೊಳ್ಳುತ್ತಾನೋ. ಬಹಳ ವರ್ಷ ತಲೆಕೆಡಿಸಿಕೊಂಡು ನಾನು ಕಂಡುಹಿಡಿದ ಜಾಗ ಬಾಗಿಲಿನ ಹಿಂದಿನ ಗೋಡೆ. ಬಾಗಿಲು ತೆರೆದಾಗ ಪಡಿ ಹೋಗಿ ಕ್ಯಾಲೆಂಡರನ್ನು ಪೂರ್ತಿ ಮುಚ್ಚಿಬಿಡುತ್ತದೆ. ಬಾಗಿಲು ಹಾಕಿದಾಗ ಮಾತ್ರ ಕಾಣುತ್ತದೆ. ಅಂದರೆ ಅಂಗಡಿ ಮುಚ್ಚಿದ ಮೇಲೆ ಒಳಗೆ ಉಳಿದವರಿಗೆ, ಎಂದರೆ ನನಗೊಬ್ಬಳಿಗೆ, ಅದು ಸುವಾರ್ತೆ ಸಾರುತ್ತದೆ.

"ನಿಂಗೆ ಯೇಸು ಗೊತ್ತಲ್ಲ, ಮಾರಾಯ್ತಿ. ಗೊತ್ತಿಲ್ಲದವರಿಗೆ ಕಾಣೂ ಹಂಗೆ ಹಾಕು," ಎನ್ನುತ್ತಾರೆ ನಮ್ಮ ಮನೆಯವರು. ಅವರು ಕಾರವಾರದ ಬಂದರಿನ ಹತ್ತಿರ ಒಂದು ಆಫೀಸಿನಲ್ಲಿ ಗುಮಾಸ್ತರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ, ಹಾಸಿಗೆ ಕಂಡರೆ ನಿದ್ದೆ ಮಾಡುತ್ತಾರೆ. ಇಬ್ಬರ ಪಾಲಿನ ಹೆದರಿಕೆಯನ್ನೂ ನಾನೊಬ್ಬಳೇ ನೋಡಿಕೊಳ್ಳುತ್ತೇನೆ.

ಈ ಹೆದರಿಕೆ ನನಗೆ ಹೊಸದಲ್ಲ. ನನ್ನ ಆಯಿ, ಅಂದರೆ ತಾಯಿ, ಕಾರವಾರದ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಅವಳಿಗೆ ಹೆದರಿಕೆ ಎಂಬುದು ಗೊತ್ತೇ ಇರಲಿಲ್ಲ. ಹೆರಿಗೆ ನೋವಿನಲ್ಲಿ ಕೂಗುವವರ ತಲೆ ಸವರಿ, "ಭಿಯೆನಾಕಾ ಬಾಯೆ, ಯೇಸು ಹತ್ರಾನೇ ಇದ್ದಾನೆ," ಎಂದು ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ ಹೇಳುತ್ತಿದ್ದಳು. ಹೆದರಬೇಡ ಎಂದು ಅವಳು ಹೇಳಿದರೆ ಹೆದರಿಕೆ ಹೋಗುತ್ತಿತ್ತಂತೆ. ಕೂಗುವವರು ಯಾವ ಜಾತಿ, ಯಾವ ಧರ್ಮ ಎಂದು ಅವಳು ನೋಡಿದ್ದು ನನಗೆ ನೆನಪಿಲ್ಲ. ಅವರೂ ಆ ಹೊತ್ತಿನಲ್ಲಿ ಅವಳದ್ದು ಯಾವುದು ಎಂದು ಕೇಳುತ್ತಿರಲಿಲ್ಲ.

ಕ್ರಿಸ್‌ಮಸ್ ದಿನ ಆಯಿ ನೇವರಿ, ಚಕ್ಕುಲಿ, ಅಕ್ಕಿ ಲಾಡು ಎಲ್ಲ ತಟ್ಟೆಯಲ್ಲಿ ಹಾಕಿ, ಮೇಲೆ ಕಸೂತಿ ಬಟ್ಟೆ ಮುಚ್ಚಿ, ಕೇರಿಯ ಮನೆಮನೆಗೆ ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ತಟ್ಟೆ ಕೊಟ್ಟು ಬಂದರೆ ಸಾಲದು. "ಇವತ್ತು ನಮ್ಮ ಯೇಸು ಹುಟ್ಟಿದ ದಿನ" ಎಂದು ಬಾಯಿಬಿಟ್ಟು ಹೇಳಿ ಬರಬೇಕು. ನಾನು ಆ ಮಾತನ್ನು ತಟ್ಟೆಗೇ ಹೇಳುತ್ತಿದ್ದೆ, ಕತ್ತು ಎತ್ತುತ್ತಿರಲಿಲ್ಲ. ಒಂದು ಮನೆಯಲ್ಲಿ "ಮೊಟ್ಟೆ ಹಾಕಿದ್ದೀರನಾ?" ಎಂದು ಕೇಳಿ, ಇಲ್ಲ ಎಂದ ಮೇಲೂ ತಟ್ಟೆಯನ್ನು ಹೊರಗಿನ ಕಟ್ಟೆಯ ಮೇಲೆ ಇಡಿಸುತ್ತಿದ್ದರು. ಇನ್ನೊಂದು ಮನೆಯ ಅಮ್ಮ ಖಾಲಿ ತಟ್ಟೆ ಕಳಿಸಬಾರದೆಂದು ಸಕ್ಕರೆ ಹಾಕಿ ಕೊಟ್ಟು ನನ್ನ ಗಲ್ಲ ಹಿಂಡುತ್ತಿದ್ದಳು. ಮೂಲೆಮನೆಯ ಅಜ್ಜನೊಬ್ಬ, "ಹೌದನಾ? ಎಷ್ಟು ವರ್ಷ ಆಯ್ತು ಈಗ ಅವ್ನಿಗೆ?" ಎಂದು ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿಬಿಟ್ಟ. ನಾನು ತಟ್ಟೆ ಅಲ್ಲೇ ಬಿಟ್ಟು ಓಡಿ ಬಂದೆ. ಆಯಿ ಹೋಗಿ ಲೆಕ್ಕ ಹೇಳಿ, ಅಜ್ಜನ ಜೊತೆ ಕೂತು ಎಲೆ ಅಡಿಕೆ ಹಾಕಿ ಬಂದಳು.

ಆಯಿಯ ಆ ಧೈರ್ಯದಲ್ಲಿ ನನಗೆ ಬಂದದ್ದು ಒಂದೇ ಮಾತು. ಅದೂ ಚಟದ ಹಾಗೆ. ನನ್ನನ್ನು ಬಾಯೀ ಎಂದು ಕರೆಯುವ ಅಂಗಡಿಯ ಗಿರಾಕಿಗಳು ರವಿಕೆಯ ಅಳತೆ ಕೊಡುತ್ತ ಕಷ್ಟವನ್ನೂ ಹೇಳುತ್ತಾರೆ. ಟೇಪು ಹಿಡಿದು ಬೆನ್ನ ಹಿಂದೆ ನಿಂತವಳ ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಇರಬೇಕು. ಅಗಸೂರಿನಿಂದ ಬರುವ ಒಬ್ಬಳಿಗೆ ಗಂಡನ ಕುಡಿತ, ಇನ್ನೊಬ್ಬಳಿಗೆ ಮಗಳ ಪರೀಕ್ಷೆ, ಮತ್ತೊಬ್ಬಳಿಗೆ ಮಂಡಿನೋವು. ಕೇಳಿ ಕೇಳಿ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಪ್ರಾರ್ಥನೆ ಮಾಡ್ತೆ" ಎಂದು ಗೊಣಗುತ್ತೇನೆ. ಪಿನ್ನಿನ ಸಂದಿಯಿಂದ ಬಂದ ಆ ಮಾತು ಅರ್ಧ ಕೇಳುತ್ತದೆ, ಅರ್ಧ ಇಲ್ಲ. ಕೇಳಿದವರು "ಹೂಂ" ಅನ್ನುತ್ತಾರೆ. ಮಳೆ ಬರಬಹುದು ಎಂದರೆ ಹೂಂ ಅನ್ನುವ ಹಾಗೆ. ನಾನು ಮನೆಗೆ ಹೋಗಿ ಖಂಡಿತ ಪ್ರಾರ್ಥನೆ ಮಾಡುತ್ತೇನೆ. ಆದರೆ ಅದು ನನಗೂ ದೇವರಿಗೂ ನಡುವೆ. ಹೀಗೆ ಯಾರಿಗೂ ತೊಂದರೆಯಿಲ್ಲದೆ ನಡೆದುಕೊಂಡು ಹೋಗುತ್ತಿತ್ತು, ಕಳೆದ ದೀಪಾವಳಿಗೆ ಮೊದಲು ಶೇವಂತಿ ನನ್ನ ಮಾತನ್ನು ಹಿಡಿದು ನಿಲ್ಲಿಸುವವರೆಗೆ.

ಶೇವಂತಿ ಕೇಣಿಯ ಮೀನುಗಾರರ ಮನೆಯ ಹುಡುಗಿ. ಅವಳ ತಾಯಿ ಮಾದೇವಿ ಪೇಟೆಯಲ್ಲಿ ಮೀನು ಮಾರುತ್ತಾಳೆ. ತಂದೆ ಗಣಪತಿ ಬೋಟು ನಡೆಸುವ ತಾಂಡೇಲ. ತುಳಸಿ ಹಬ್ಬ ಕಳೆದ ಮೇಲೆ ಶೇವಂತಿಗೆ ಮದುವೆ, ಹುಡುಗ ಭಾವಿಕೇರಿಯವನು. ಮದುವೆಯ ರವಿಕೆಗಳನ್ನು ಮೈಮೇಲೆ ಹಾಕಿ ನೋಡಲು ತಾಯಿ ಮಗಳು ಇಬ್ಬರೂ ಬಂದಿದ್ದರು. ಸಮುದ್ರದಲ್ಲಿ ವಾಯುಭಾರ ಕುಸಿತ ಎಂದು ಎರಡು ದಿನದಿಂದ ಟಿವಿಯಲ್ಲಿ ಹೇಳುತ್ತಿದ್ದರು. ಹೊರಗೆ ಗಾಳಿಯೂ ಮಳೆಯೂ ಒಟ್ಟಿಗೇ ಬಾಗಿಲು ತಳ್ಳುತ್ತಿದ್ದವು. ಅಂಗಡಿಯಲ್ಲಿ ಅವರಲ್ಲದೆ ಇನ್ನಿಬ್ಬರಿದ್ದರು. ಒಬ್ಬಳು ಹೊಸದಾಗಿ ಊರಿಗೆ ಬಂದ ಗಿರಾಕಿ, ನನಗೆ ಹೆಸರೂ ಗೊತ್ತಿರಲಿಲ್ಲ. ಇನ್ನೊಬ್ಬರು ಶಾಂತಾ ಅಕ್ಕೋರು, ಸೀರೆಗೆ ಫಾಲ್ಸ್ ಹಚ್ಚಿಸಲು ಬಂದವರು.

ಅಕ್ಕೋರ ವಿಷಯ ಇಲ್ಲಿ ಹೇಳಬೇಕು. ಮಕ್ಕಳಿಗೆ ಕಲಿಸುತ್ತಿದ್ದ ಶಾಲೆಯಿಂದ ನಿವೃತ್ತರಾದ ಮೇಲೂ ಊರಿಗೆಲ್ಲ ಅವರು ಅಕ್ಕೋರೇ. ನಾನು ಅಂಗಡಿ ತೆರೆದ ವರ್ಷದಿಂದ ಅವರ ರವಿಕೆ ನಾನೇ ಹೊಲಿಯುವುದು. ಬಟ್ಟೆ ಇಲ್ಲದಿದ್ದರೂ ಬಂದು ಕೂರುತ್ತಾರೆ. ಯಜಮಾನರು ತೀರಿಕೊಂಡ ಮೇಲೆ ಇನ್ನೂ ಹೆಚ್ಚು ಬರುತ್ತಿದ್ದರು. ನನಗೆ ಈ ಊರಿನಲ್ಲಿ ಗೆಳತಿ ಎಂದು ಯಾರಾದರೂ ಇದ್ದರೆ ಅವರೇ.

ಶೇವಂತಿಯ ತೋಳಿಗೆ ಪಿನ್ನು ಹಾಕುತ್ತಿದ್ದೆ. ಮಾದೇವಿಯ ಮೊಬೈಲು ಹೊಡೆದುಕೊಂಡಿತು. ಅವಳ ಮೈದುನ ಕಾರವಾರದ ಬಂದರಿನಿಂದ ಮಾತಾಡುತ್ತಿದ್ದ. ಜೊತೆಗೆ ಹೋದ ಬೋಟುಗಳೆಲ್ಲ ದಡ ಸೇರಿವೆ, ಗಣಪತಿಯ ಬೋಟು ಬಂದಿಲ್ಲ, ವೈರ್‌ಲೆಸ್ಸಿಗೆ ಉತ್ತರವಿಲ್ಲ. ಮಾದೇವಿ "ಹಂ, ಹಂ" ಎನ್ನುತ್ತಲೇ ಕೆಳಗೆ ಬಟ್ಟೆ ಚೂರುಗಳ ರಾಶಿಯ ಮೇಲೆ ಕೂತುಬಿಟ್ಟಳು.

ನಾನು ಬಾಯಿಂದ ಪಿನ್ನು ತೆಗೆದೆ. ಗೊತ್ತಿದ್ದ ಮಾತೇ ಬಂತು. "ನಾ ಪ್ರಾರ್ಥನೆ ಮಾಡ್ತೆ, ಮಾದೇವಿ."

ಪಿನ್ನಿಲ್ಲದ ಬಾಯಿಂದ ಬಂದದ್ದರಿಂದ ಅದು ಸ್ಪಷ್ಟವಾಗಿ ಕೇಳಿತು.

"ಯಾವಾಗ, ಬಾಯೀ?" ಎಂದಳು ಶೇವಂತಿ.

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. "ಮನೆಗೆ ಹೋಗಿ..." ಎಂದೆ.

"ಅಲ್ಲಿವರೆಗೆ ಎಂತಕ್ಕೆ? ಈಗೇ ಮಾಡಿ. ನಮ್ಗೆ ಕೇಳೂ ಹಂಗೆ ಜೋರಾಗಿ ಮಾಡಿ."

ನಾನು ಮೊದಲು ನೋಡಿದ್ದು ಬಾಗಿಲನ್ನು. ಅದು ಸತ್ಯ. ಬೀದಿಯಲ್ಲಿ ಯಾರಿದ್ದಾರೆ, ಎದುರಿನ ಅಂಗಡಿಯವನಿಗೆ ಕೇಳುತ್ತದೆಯೇ, ಈ ಹೊಸ ಹೆಂಗಸು ಯಾರು, ಕಾಲ ಹೇಗಿದೆ, ಪೇಪರಿನಲ್ಲಿ ಏನೇನು ಬರುತ್ತದೆ, ಎಲ್ಲ ಒಂದೇ ಉಸಿರಿನಲ್ಲಿ ತಲೆಯಲ್ಲಿ ಓಡಿತು. ಆದರೆ ಶೇವಂತಿ ಒಂದು ತೋಳಿಗೆ ಪಿನ್ನು ಹಾಕಿಸಿಕೊಂಡು, ಇನ್ನೊಂದು ತೋಳು ಇಲ್ಲದ ರವಿಕೆಯಲ್ಲಿ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನಾನು ಅವಳ ಹೆಗಲ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದೆ.

"ಯೇಸಪ್ಪಾ," ಎಂದೆ, "ಗಣಪತಿ ಅಣ್ಣ ಸಮುದ್ರದಲ್ಲಿದ್ದಾರೆ. ಜೊತೆಗೆ ಇನ್ನೂ ಜನ ಇದ್ದಾರೆ. ನೀನೂ ಬೋಟಿನಲ್ಲಿ ಕೂತವನು, ಬಿರುಗಾಳಿ ಅಂದ್ರೆ ಎಂತದು ಹೇಳಿ ನಿಂಗೆ ಗೊತ್ತು. ಅವರನ್ನ ಬಿಡಬೇಡ. ದಡಕ್ಕೆ ಕರ್ಕಂಡು ಬಾ. ಈ ಇಬ್ಬರ ಜೊತೆಗೂ ಇರು." ಅಷ್ಟೇ. ಆಮೆನ್ ಎಂದದ್ದು ನನಗೇ ಕೇಳಲಿಲ್ಲ.

ಕಣ್ಣು ಬಿಟ್ಟಾಗ ಶಾಂತಾ ಅಕ್ಕೋರ ಕುರ್ಚಿ ಖಾಲಿಯಾಗಿತ್ತು. ಸೀರೆ ಅಲ್ಲೇ ಇತ್ತು, ಕೊಡೆಯೂ ಇತ್ತು. ಆ ಮಳೆಯಲ್ಲಿ ಅವರು ಹಾಗೇ ಎದ್ದು ಹೋಗಿದ್ದರು.

ತಾಯಿ ಮಗಳು ಆಟೋದಲ್ಲಿ ಹೋದರು. ನಾನು ಮನೆಗೆ ಬಂದು ಕೂತೆ, ನಿಂತೆ, ಮತ್ತೆ ಕೂತೆ. ಜನ ಏನಂದಾರು ಎಂಬ ಹೆದರಿಕೆಯನ್ನು ನಾನು ಬಲ್ಲೆ, ಅದು ಹಳೇ ಪರಿಚಯ. ಆ ದಿನ ಬಂದದ್ದು ಬೇರೆ. ಗಣಪತಿ ಬರದೇ ಹೋದರೆ? ದಡಕ್ಕೆ ಕರೆದುಕೊಂಡು ಬಾ ಎಂದು ಆ ಹುಡುಗಿಗೆ ಕೇಳುವ ಹಾಗೆ ಹೇಳಿದ್ದೇನೆ. ಬರದೇ ಹೋದರೆ ಅವಳಿಗೆ ಯಾವ ಮುಖ ತೋರಿಸಲಿ? ಯೇಸುವಿನ ಹೆಸರನ್ನೇ ನಾನು ಕೆಡಿಸಿದಂತಾಗಲಿಲ್ಲವೇ? ಮೆಲ್ಲಗೆ ಮಾಡುವ ಪ್ರಾರ್ಥನೆಯಲ್ಲಿ ಈ ಕಷ್ಟವಿಲ್ಲ. ಕೊಟ್ಟರೆ ಸಂತೋಷ, ಕೊಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

"ನೀನು ಕೇಳ್ದೆ. ಕೊಡೂದು ಬಿಡೂದು ಅವನದ್ದು," ಎಂದರು ಮನೆಯವರು. ಸರಿಯಾದ ಮಾತು. ಆದರೂ ನನ್ನ ಪಾಲಿನ ಅನ್ನವನ್ನು ಹಾಗೇ ಮುಚ್ಚಿಟ್ಟೆ.

ಮಾರನೇ ದಿನ ಸಂಜೆ ಬೋಟು ಬಂತು. ಇಂಜಿನು ಕೆಟ್ಟು, ಅಲೆಗಳ ಪಾಲಾಗಿ ಎಲ್ಲೋ ತೇಲಿ ಹೋಗಿದ್ದವರನ್ನು ಗೋವಾ ಕಡೆಯ ಬೋಟೊಂದು ಕಂಡು, ಹಗ್ಗ ಕಟ್ಟಿ ಕಾರವಾರಕ್ಕೆ ಎಳೆದು ತಂದಿತ್ತು. ಗಣಪತಿಯ ಕಾಲಿಗೆ ಪೆಟ್ಟಾಗಿತ್ತು, ಉಳಿದವರಿಗೆ ಏನೂ ಆಗಿರಲಿಲ್ಲ. ಸುದ್ದಿ ಕೇಳಿ ನಾನು ಅತ್ತೆ. ಅತ್ತು ಮುಗಿದ ಕೂಡಲೇ ಇನ್ನು ಜನ ಏನಂದಾರು ಎಂಬ ಹಳೇ ಹೆದರಿಕೆ ಬಂದು ತನ್ನ ಜಾಗದಲ್ಲಿ ಕೂತಿತು.

ಮಾದೇವಿ ಬುಟ್ಟಿಯಲ್ಲಿ ಒಂದು ದೊಡ್ಡ ಇಸ್ವಾಣ ಮೀನು ಹಾಕಿಕೊಂಡು ಬಂದಳು. "ಬಾಯೀ, ನಾವು ನಮ್ಮ ದೇವಿಗೆ ಹೇಳ್ಕಂಡಿದ್ದೆವು. ಮೈದುನ ದರ್ಗಾಕ್ಕೆ ಹೇಳ್ಕಂಡಿದ್ದ. ನಿಮ್ಮ ಯೇಸುಗೆ ನೀವು ಹೇಳಿದ್ರಿ. ಯಾರು ಎಳ್ಕಂಡು ಬಂದ್ರು ಹೇಳಿ ನಾ ಕೇಳೂಕೆ ಹೋಗೂದಿಲ್ಲ. ಇದು ಯೇಸುದು, ತಕಣಿ."

ಇಂಥ ಹೊತ್ತಿನಲ್ಲಾದರೂ ಸರಿಯಾಗಿ ಹೇಳಬೇಕು ಎಂದು ಧೈರ್ಯ ಮಾಡಿದೆ. "ಅವನು ಹರಕೆ ಎಲ್ಲ ಕೇಳೂದಿಲ್ಲ, ಮಾದೇವಿ. ಸುಮ್ಮನೇ ಪ್ರೀತಿ ಮಾಡ್ತಾನೆ."

"ಹೌದಾ? ಪಾಪ," ಎಂದಳು ಮಾದೇವಿ. "ಹಂಗಾರೆ ಮೀನು ನೀವೇ ತಿನ್ನಿ."

ನನ್ನ ಸುವಾರ್ತೆ ಅಲ್ಲಿಗೆ ಮುಗಿಯಿತು. ಮೀನು ಬಹಳ ಚೆನ್ನಾಗಿತ್ತು.

ಆದರೆ ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಆ ಹೊಸ ಗಿರಾಕಿ ನನ್ನ ಪ್ರಾರ್ಥನೆಯನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ಕೆಟ್ಟ ಮನಸ್ಸಿನಿಂದ ಹಿಡಿದಳೋ, ಅಳು ಬಂದು ಹಿಡಿದಳೋ ನನಗೆ ಇಂದಿಗೂ ಗೊತ್ತಿಲ್ಲ. ಅದು ಕೈಯಿಂದ ಕೈಗೆ ಹೋಗಿ ಊರೆಲ್ಲ ಸುತ್ತಿತು. ಯಾರೋ ನನಗೂ ತೋರಿಸಿದರು. ಅದರಲ್ಲಿ ನನ್ನ ಬೆನ್ನು ಮಾತ್ರ ಕಾಣುತ್ತದೆ, ಕೊರಳಲ್ಲಿ ಟೇಪು. ಬೇರೆಯವರ ಬೆನ್ನಿನ ಅಳತೆ ತೆಗೆಯುತ್ತ ವಯಸ್ಸಾದ ನನಗೆ ನನ್ನ ಬೆನ್ನು ಇಷ್ಟು ಅಗಲ ಎಂದು ಗೊತ್ತಿರಲಿಲ್ಲ. ಮುಂದೆ ಶೇವಂತಿಯ ಮುಖ, ಮುಚ್ಚಿದ ಕಣ್ಣು, ಕೆನ್ನೆಯ ಮೇಲೆ ನೀರು. ಯಾರು ನೋಡಿದರೂ ಇಲ್ಲಿ ಏನೋ ದೊಡ್ಡದು ನಡೆಯುತ್ತಿದೆ ಎಂದುಕೊಳ್ಳಬೇಕು. ಹಾಗೇ ಅಂದುಕೊಂಡರು.

ನಮ್ಮ ಪಾಸ್ಟರು ಸಂತೋಷದಿಂದ ಫೋನು ಮಾಡಿ, ಭಾನುವಾರ ಚರ್ಚಿನಲ್ಲಿ ಎದ್ದು ಸಾಕ್ಷಿ ಹೇಳಬೇಕು ಎಂದರು. ನಾನು ಎದ್ದೆ. ಎಲ್ಲರ ಕಣ್ಣೂ ನನ್ನ ಮೇಲೆ. "ಬೋಟು ಬಂತು," ಎಂದು ಹೇಳಿ ಕೂತುಕೊಂಡೆ. ಪಾಸ್ಟರು ಇನ್ನೇನಾದರೂ ಬರಬಹುದೆಂದು ಸ್ವಲ್ಪ ಹೊತ್ತು ಕಾದು, ಆಮೇಲೆ ತಾವೇ ಮುಂದುವರಿಸಿದರು.

ಅದೇ ವಾರ ಇಬ್ಬರು ಹುಡುಗರು ಬೈಕಿನಲ್ಲಿ ಅಂಗಡಿಗೆ ಬಂದರು. ಒಬ್ಬನನ್ನು ನೋಡಿದ ತಕ್ಷಣ ಗುರುತು ಸಿಕ್ಕಿತು. ಅವನ ಶಾಲೆಯ ಚಡ್ಡಿ ನಾನೇ ಹೊಲಿದುಕೊಟ್ಟದ್ದು. ಅವನು ಒಳಗೆ ಇದ್ದಷ್ಟು ಹೊತ್ತೂ ಕನ್ನಡಿಯ ಕಡೆ ತಿರುಗಿಯೇ ಇದ್ದ. ಮಾತಾಡಿದವನು ಇನ್ನೊಬ್ಬ.

"ಆ ಹುಡುಗಿಗೆ ನಿಮ್ಮ ಕಡೆ ಬಾ ಹೇಳಿ ಹೇಳಿದ್ರಾ?"

"ಇಲ್ಲಪ್ಪ."

"ಮತ್ತೆ ಅದೆಲ್ಲ ಎಂತಕ್ಕೆ ಮಾಡಿದ್ರಿ?"

"ಅವಳು ಮಾಡಿ ಅಂದ್ಲು. ಅವಳ ಅಪ್ಪ ಸಮುದ್ರದಲ್ಲಿದ್ದ."

ನಾನು ಮಶೀನಿನ ಗಾಲಿಯನ್ನು ಸುಮ್ಮನೆ ತಿರುಗಿಸಿದೆ. "ಅಂಗಡಿ ಅಂಗಡಿ ಹಂಗೇ ಇರ್ಲಿ, ಬಾಯಿ. ಹುಷಾರು," ಎಂದು ಹೇಳಿ ಹೋದರು. ಗದರಲಿಲ್ಲ, ಏನೂ ಮುಟ್ಟಲಿಲ್ಲ. ಆದರೆ ಆ ಕೊನೆಯ ಶಬ್ದ ವಾರಗಟ್ಟಲೆ ಅಂಗಡಿಯಲ್ಲೇ ಉಳಿಯಿತು. ಬೈಕಿನ ಶಬ್ದ ಕೇಳಿದರೆ ಸೂಜಿ ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದೆ. ಕೆಲವರು ಕೊಟ್ಟ ಬಟ್ಟೆಯನ್ನು ಹೊಲಿಯದೆಯೇ ವಾಪಸು ಒಯ್ದರು. ಒಬ್ಬಳು ಮಾತ್ರ, ಯಾರೂ ಇಲ್ಲದ ಹೊತ್ತು ನೋಡಿ ಬಂದು, "ನನ್ನ ಮಗಳ ಸಲುವಾಗಿಯೂ ನಿಮ್ಮ ದೇವರಿಗೆ ಒಂದು ಮಾತು ಹೇಳ್ಕಣಿ," ಎಂದು ಓಡಿಹೋದಳು.

ಒಂದು ಮಧ್ಯಾಹ್ನ ಮಾದೇವಿ ಬಂದಳು. ಈ ಸಲ ಬುಟ್ಟಿ ಇರಲಿಲ್ಲ. ಬಹಳ ಹೊತ್ತು ಬಾಗಿಲಲ್ಲೇ ನಿಂತಳು.

"ಭಾವಿಕೇರಿಯವ್ರು ಅದನ್ನ ನೋಡಿದ್ರು, ಬಾಯೀ. ಹುಡ್ಗಿ ಆ ಕಡೆ ಹೋಗ್ಯದಾ ಹೇಳಿ ಹುಡುಗನ ಸೋದರಮಾವ ಕೇಳ್ದ. ಮದುವೆ ನಿಲ್ಸೂ ಮಾತು ಆಡ್ದ. ನಮ್ಮ ಗಂಡ ಕುಂಟ್ಕಂಡೇ ಹೋಗಿ ಮಾತಾಡಿ ಬಂದ. ಈಗ ಸರಿಯಾಗ್ಯದೆ. ಆದ್ರೆ..." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಮದುವೆಗೆ ಬರೂದು ಬೇಡ. ಇದನ್ನ ಹೇಳೂಕೆ ನಂಗೆ ನಾಚಿಕೆ ಆಗ್ತದೆ."

ನನ್ನ ಒಂದು ಮಾತಿನಿಂದ ಒಂದು ಹುಡುಗಿಯ ಮದುವೆ ನಿಲ್ಲುವ ಹಂತಕ್ಕೆ ಹೋಗಿತ್ತು. "ನೀ ನಾಚಿಕೆ ಮಾಡ್ಕಬೇಡ. ನಾ ಬರೂದಿಲ್ಲ," ಎಂದೆ. ರವಿಕೆಗಳನ್ನೆಲ್ಲ ಇಸ್ತ್ರಿ ಮಾಡಿ ಮಡಚಿ ಕೊಟ್ಟೆ. ಮದುವೆಯ ದಿನ ಅಂಗಡಿಯಲ್ಲೇ ಕೂತು, ಈಗ ತೋಳು ಬಿಗಿಯಾಯಿತೋ ಏನೋ, ಹುಕ್ಕು ಸರಿಯಾಗಿ ಕೂತಿತೋ ಇಲ್ಲವೋ ಎಂದು ಯೋಚಿಸಿದೆ. ಚಿಂತೆ ಮಾಡಲಿಕ್ಕೆ ನನಗೆ ಆಮಂತ್ರಣ ಬೇಕಾಗುವುದಿಲ್ಲ.

ಮದುವೆಯಾಗಿ ಸ್ವಲ್ಪ ದಿನಕ್ಕೆ ಶೇವಂತಿಯೇ ಬಂದಳು. ಗಂಡ ಹೊರಗೆ ಬೈಕಿನ ಮೇಲೆ ಕೂತಿದ್ದ. ರವಿಕೆಯ ತೋಳು ಬಿಗಿಯೇ ಆಗಿತ್ತಂತೆ, ಬಿಚ್ಚಿಸಿಕೊಳ್ಳಲು ತಂದಿದ್ದಳು. ಹೊರಡುವಾಗ ನನ್ನ ಕಿವಿಯ ಹತ್ತಿರ ಬಗ್ಗಿ, "ಬಾಯೀ, ನಮ್ಮ ಅತ್ತೆಗೆ ಬೆನ್ನುನೋವು. ಏಳೂಕಾಗೂದಿಲ್ಲ. ನೀವು ಹೇಳ್ಕಣಿ, ಆಯ್ತಾ? ಜೋರಾಗಿ ಬೇಡ," ಎಂದಳು. ಇಬ್ಬರಿಗೂ ನಗು ಬಂತು. ನಗುತ್ತಲೇ ನಾನು ಬಾಗಿಲ ಕಡೆ ನೋಡಿದೆ, ಅವಳೂ ನೋಡಿದಳು.

ಇಷ್ಟೆಲ್ಲ ಆದರೂ ಶಾಂತಾ ಅಕ್ಕೋರು ಅಂಗಡಿಯ ಕಡೆ ಸುಳಿದಿರಲಿಲ್ಲ. ಫಾಲ್ಸ್ ಹಚ್ಚಿ ಮಡಚಿಟ್ಟ ಸೀರೆ ಕಪಾಟಿನಲ್ಲಿತ್ತು, ಕೊಡೆ ಮೂಲೆಯಲ್ಲಿತ್ತು. ಹುಡುಗರ ಮಾತಿಗಿಂತ ಆ ಖಾಲಿ ಕುರ್ಚಿ ನನ್ನನ್ನು ಹೆಚ್ಚು ತಿನ್ನುತ್ತಿತ್ತು. ಪೇಟೆಯಲ್ಲಿ ದೂರದಿಂದ ಕಂಡರೆ ನಾನೇ ಬೇರೆ ಓಣಿ ಹಿಡಿಯುತ್ತಿದ್ದೆ. ಕೊನೆಗೆ ಒಂದು ದಿನ ಸೀರೆ, ಕೊಡೆ ಎರಡನ್ನೂ ಹಿಡಿದು ಅವರ ಮನೆಗೆ ಹೋದೆ. ಗೇಟಿನವರೆಗೆ ಹೋಗಿ, ಧೈರ್ಯ ಸಾಲದೆ ಮುಂದೆ ನಡೆದೆ. ತಿರುಗಿ ಬಂದೆ. ಮತ್ತೆ ಮುಂದೆ ಹೋದೆ.

"ಗ್ರೇಸಾ!" ಜಗಲಿಯಿಂದ ಅಕ್ಕೋರು ಕರೆದರು. "ಎಷ್ಟು ಸಲ ತಿರುಗ್ತೆ? ನೋಡಿದವ್ರು ನಾನು ಒಳಗೆ ಬಿಡಲಿಲ್ಲ ಅಂದ್ಕಂತ್ರು. ಬಾ."

ಗೇಟು ದಾಟಿ ಹೋಗಿ ಜಗಲಿಯ ಬೆಂಚಿನ ತುದಿಯಲ್ಲಿ ಕೂತೆ. ಚಾ ಕೊಟ್ಟರು.

"ನಿಮಗೆ ಸಿಟ್ಟು ಬಂತು ಹೇಳಿ ನಂಗೆ ಗೊತ್ತು, ಅಕ್ಕೋರೆ," ಎಂದೆ.

"ಬಂತು. ಬರದೇ ಏನು? ಆ ಹುಡುಗಿ ಹೆದರಿ ಸಾಯ್ತಿತ್ತು. ಆ ಹೊತ್ತಿಗೆ ಯಾವ ದೇವರ ಹೆಸರು ಹೇಳಿದ್ರೂ ಅದು ಹಿಡ್ಕಂತಿತ್ತು. ಅಂಥ ಹೊತ್ತಲ್ಲಿ ನಿನ್ನ ದೇವರನ್ನ ತಂದು ಮುಂದೆ ನಿಲ್ಸೂದು ಸರಿಯಾ? ನೀನೇ ಹೇಳು."

"ನನಗೂ ಅದೇ ಹೆದರಿಕೆ, ಅಕ್ಕೋರೆ. ಅವಳು ಕೇಳಿದ್ಲು. ಕೇಳಿದವಳಿಗೆ ಇಲ್ಲ ಅನ್ನೂಕೆ ನನ್ನಿಂದ ಆಗಲಿಲ್ಲ. ಸರಿಯಾ ತಪ್ಪಾ, ನಂಗೆ ಇನ್ನೂ ಗೊತ್ತಿಲ್ಲ."

ಅಕ್ಕೋರು ತಲೆಯಾಡಿಸಿದರು. ನನ್ನ ಉತ್ತರ ಅವರಿಗೆ ಒಪ್ಪಿಗೆಯಾಗಲಿಲ್ಲ. ಸೀರೆಯನ್ನು ಬಿಚ್ಚಿ, ಫಾಲ್ಸ್ ನೋಡಿ, ಮತ್ತೆ ಮಡಚಿದರು.

"ಅದೊಂದೇ ಸಿಟ್ಟಲ್ಲ," ಎಂದರು. "ನಮ್ಮ ಯಜಮಾನ್ರು ಹೋದ ಮೇಲೆ ನಾನು ನಿನ್ನ ಅಂಗಡಿಗೆ ಬಂದು ಎಷ್ಟು ದಿನ ಕೂತಿದ್ದೆ! ನೀನು ಚಾ ತರಿಸಿ ಕೊಟ್ಟೆ, ಲೈನಿಂಗ್ ಬಟ್ಟೆ ವಿಷಯ ಮಾತಾಡ್ದೆ. ಬಂದವರಿಗೆಲ್ಲ ಪ್ರಾರ್ಥನೆ ಮಾಡ್ತೆ ಹೇಳಿ ಹೇಳ್ತೆ, ನನಗೆ ಒಂದು ದಿನ ಅನ್ನಲಿಲ್ಲ. ಆ ಮೀನು ಮಾರುವವಳ ಮಗಳ ಹೆಗಲ ಮೇಲೆ ನೀನು ಕೈ ಇಟ್ಟದ್ದನ್ನ ನೋಡಿ ನಂಗೆ ಕೂರೂಕೆ ಆಗಲಿಲ್ಲ."

ನಾನು ಬೇರೇನನ್ನೋ ನಿರೀಕ್ಷಿಸಿದ್ದೆ, ಇದನ್ನಲ್ಲ. "ನಿಮಗೆ ಹ್ಯಾಂಗೆ ಹೇಳೂದು, ಅಕ್ಕೋರೆ? ನೀವು ದಿನಾ ಪೂಜೆ ಮಾಡೂವವರು. ಬೇಜಾರ ಮಾಡ್ಕಂಡು ಬರೂದೇ ಬಿಟ್ಬಿಟ್ರೆ ಹೇಳಿ..."

"ಬೇಡ ಅಂತಿದ್ದೆ. ಖರೆ. ಆದ್ರೆ ಕೇಳೂಕೆ ಎಂತಾಗಿತ್ತು ನಿಂಗೆ?" ಅವರ ಧ್ವನಿ ಸ್ವಲ್ಪ ಸಡಿಲವಾಯಿತು. "ಈಗ ಹೇಳು. ನಾ ನಿಮ್ಮ ಚರ್ಚಿಗೆ ಬರೂದಿಲ್ಲ, ನನ್ನ ದೇವರ ಕೋಣೆ ಬಿಡೂದಿಲ್ಲ. ಸುಮ್ಮನೆ ಕೇಳ್ತೆ. ಆ ಯೇಸು ನಿಂಗೆ ಎಂತಕ್ಕೆ ಬೇಕು?"

ಕೇರಿಯ ಬಾಗಿಲುಗಳಲ್ಲಿ, ಚರ್ಚಿನಲ್ಲಿ, ಎಲ್ಲಿಯೂ ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಪಾಸ್ಟರು ಹೇಳಿಕೊಟ್ಟದ್ದೆಲ್ಲ ನೆನಪಿಸಿಕೊಳ್ಳಲು ನೋಡಿದೆ. ಒಂದೂ ಬರಲಿಲ್ಲ. ತಡವರಿಸುತ್ತಲೇ ಇದ್ದದ್ದನ್ನು ಹೇಳಿದೆ. ನಾನು ಹುಟ್ಟಾ ಹೆದರುವವಳು, ನಂಬಿಕೆಯಿಂದ ನನ್ನ ಹೆದರಿಕೆ ಹೋಗಲಿಲ್ಲ, ಈಗಲೂ ಹೆದರುತ್ತಲೇ ಮಾತಾಡುತ್ತಿದ್ದೇನೆ ಎಂದೆ. ಆದರೆ ಅವನೂ ಹೆದರಿದ್ದ. ತನ್ನನ್ನು ಹಿಡಿದು ಕೊಲ್ಲಲು ಬರುತ್ತಾರೆ ಎಂದು ಗೊತ್ತಾದಾಗ ಒಂದು ತೋಟಕ್ಕೆ ಹೋಗಿ, ನೆಲಕ್ಕೆ ಬಿದ್ದು, ಇದನ್ನು ತಪ್ಪಿಸು ಎಂದು ಬೇಡಿಕೊಂಡಿದ್ದ. ಒಬ್ಬನೇ ಇರಲಾರದೆ ಸ್ನೇಹಿತರನ್ನು, ನನ್ನ ಜೊತೆ ಎಚ್ಚರ ಇರಿ ಎಂದು ಕೇಳಿಕೊಂಡಿದ್ದ. ಅವರು ನಿದ್ದೆ ಹೋದರು. ಹೆದರಿದವಳಿಗೆ ಹೆದರದ ದೇವರಿಗಿಂತ ಇವನು ಹತ್ತಿರ ಅನ್ನಿಸುತ್ತಾನೆ, ಅಷ್ಟೇ ಅಕ್ಕೋರೆ, ಎಂದೆ.

ಅಕ್ಕೋರು ಬೀದಿಯ ಕಡೆ ನೋಡುತ್ತಿದ್ದರು. ಬೇಸರವಾಯಿತೋ, ನಗು ಬಂತೋ ತಿಳಿಯಲಿಲ್ಲ. ಇನ್ನು ಎದ್ದು ಹೊರಡುವುದೇ ಒಳ್ಳೆಯದು ಎಂದು ನಾನು ಬೆಂಚಿನಿಂದ ಅರ್ಧ ಎದ್ದೆ.

"ಕೂತ್ಕ," ಎಂದರು. ಅವರ ಕೈ ಸೀರೆಯ ಮಡಿಕೆಯನ್ನು ಹಿಡಿದಿತ್ತು. "ಇವರೂ ಬಹಳ ಹೆದರಿದ್ರು, ಗ್ರೇಸಾ. ಊರಲ್ಲಿ ಎಲ್ಲರೂ ಧೈರ್ಯದ ಮನುಷ್ಯ ಅಂತಿದ್ರು. ಆಸ್ಪತ್ರೆಯಲ್ಲಿ ಕೊನೇ ದಿನ ನನ್ನ ಕೈ ಹಿಡ್ಕಂಡು, ಮಲಗ್ಬೇಡ, ಮಾತಾಡ್ತಾ ಇರು ಅಂದಿದ್ರು. ಎಷ್ಟೋ ದಿನದಿಂದ ನಿದ್ದೆ ಇರಲಿಲ್ಲ ನಂಗೆ. ಹಂಗೇ ಮಂಚಕ್ಕೆ ತಲೆ ಇಟ್ಟೆ. ಎದ್ದು ನೋಡೂ ಹೊತ್ತಿಗೆ ಇವರು ಇರಲಿಲ್ಲ. ಮಕ್ಕಳಿಗೂ ಹೇಳಲಿಲ್ಲ ನಾನು ಇದನ್ನ."

ಬೀದಿಯಲ್ಲಿ ಯಾರೋ ಅಕ್ಕೋರಿಗೆ ನಮಸ್ಕಾರ ಹೇಳಿ ಹೋದರು. ಅಕ್ಕೋರು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಆ ಸ್ನೇಹಿತರು," ಎಂದರು, "ಮಲಗಿದವರು. ಅವರಿಗೆ ಎಂತ ಅಂದ ಅವನು? ಬೈದ್ನಾ?"

"ಎಬ್ಬಿಸಿದ, ಅಕ್ಕೋರೆ. ನಿಮಗೆ ಬಹಳ ಸುಸ್ತಾಗಿದೆ ಹೇಳಿ ತಿಳ್ಕಂಡ. ಆಮೇಲೆ ಏಳಿ, ಹೋಗುವಾ ಹೇಳಿ ಅವರನ್ನೇ ಜೊತೆಗೆ ಕರ್ಕಂಡ."

"ಅವರನ್ನ ಬಿಟ್ಟು ಹೋಗಲಿಲ್ವಾ ಅವನು?"

"ಇಲ್ಲ," ಎಂದೆ. ಅಕ್ಕೋರು ಸೀರೆಯಲ್ಲಿ ಮುಖ ಮುಚ್ಚಿಕೊಂಡರು. ನಾನು ಬೆಂಚಿನ ತುದಿಯಿಂದ ಸರಿದು ಅವರ ಪಕ್ಕದಲ್ಲಿ ಕೂತೆ.